ಜಾಝ್ ಡ್ರಮ್ ಕಿಟ್‌ಗೆ ಮೈಕ್ ಇಡೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಸೆಷನ್ ಮುಗಿಸಿ ಕೇಬಲ್ ಸುತ್ತುವಾಗ, ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಪ್ ವಾಯ್ಸ್ ನೋಟಲ್ಲಿ, ಒಂದ್ಸಲ ಮದುವೆ ಊಟದ ಪಂಕ್ತಿಯಲ್ಲೂ ಜನ ನನ್ನ ಕೇಳಿರೋ ಪ್ರಶ್ನೆಗಳಿವು. ಕೇಳಿದವರ ಮಾತಲ್ಲೇ ಇಟ್ಟಿದೀನಿ. ಮೊದಲಿಂದ ಓದ್ಬೇಕು ಅಂತೇನಿಲ್ಲ, ನಿಮಗೆ ಬೇಕಾಗಿರೋದಕ್ಕೆ ನೇರ ಹೋಗಿ.

## ಶುರುವಿನ ಪ್ರಶ್ನೆಗಳು

ಸರ್, ಜಾಝ್ ಆದ್ರೂ ರಾಕ್ ಆದ್ರೂ ಡ್ರಮ್ಮು ಡ್ರಮ್ಮೇ ತಾನೆ? ಮೈಕ್ ಇಡೋದ್ರಲ್ಲಿ ಏನಂಥಾ ವ್ಯತ್ಯಾಸ?

ವ್ಯತ್ಯಾಸ ಇರೋದು ತಾಳ ಎಲ್ಲಿಂದ ಬರುತ್ತೆ ಅನ್ನೋದ್ರಲ್ಲಿ. ರಾಕಲ್ಲಿ ಕಿಕ್ಕು (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮು), ಸ್ನೇರು (ಡ್ರಮ್ಮರ್ ಮುಂದಿರೋ ಚಿಕ್ಕ ಡ್ರಮ್ಮು) ಎರಡು ಕಂಬ, ಮಿಕ್ಕಿದ್ದೆಲ್ಲ ಅದರ ಮೇಲಿನ ಚಪ್ಪರ. ಜಾಝಲ್ಲಿ 1940ರ ದಶಕದಲ್ಲಿ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ತರದವರು ತಾಳ ಹಿಡಿಯೋ ಕೆಲಸಾನ ಕಿಕ್ಕಿಂದ ಎತ್ತಿ ರೈಡ್ ಸಿಂಬಲ್ (ಕಡ್ಡಿಯಲ್ಲಿ ಬಿಡದೆ ಬಾರಿಸೋ ದೊಡ್ಡ ಲೋಹದ ತಟ್ಟೆ) ಮೇಲೆ ಹಾಕಿದ್ರು, ಅವತ್ತಿಂದ ಮನೆ ಯಜಮಾನ ರೈಡೇ. ಹೈಹ್ಯಾಟು (ಕಾಲಲ್ಲಿ ಒತ್ತೋ ಜೋಡಿ ಸಿಂಬಲ್ಲು) 2 ಮತ್ತೆ 4ನೇ ಎಣಿಕೆಗೆ ಚಿಕ್ ಅನ್ನುತ್ತೆ, ಕಿಕ್ಕನ್ನ ಎಷ್ಟೋ ಜನ ಕೇಳಿಸೀತೋ ಇಲ್ವೋ ಅನ್ನೋಷ್ಟು ಮೆತ್ತಗೆ ತಟ್ತಾರೆ, ಸ್ನೇರಲ್ಲಿ ಎಡಗೈ ಮಾತಾಡ್ತಾ ಇರುತ್ತೆ. ಇದನ್ನೆಲ್ಲ ಎಷ್ಟೆಷ್ಟು ಅಂತ ಅಳೆದು ಬೆರೆಸೋದು ಡ್ರಮ್ಮರ್ ಕೈಕಾಲುಗಳೇ, ಅಂದ್ರೆ ಮಿಕ್ಸ್ ಆಗಲೇ ಆಗೋಗಿದೆ. ನಾವು ಹೋಗಿ ಒಂದೊಂದು ಡ್ರಮ್ಮಿಗೂ ಒಂದೊಂದು ಮೈಕ್ ತುರುಕಿ ಆಮೇಲೆ ಫೇಡರ್ ಹಿಡ್ಕೊಂಡು ಮತ್ತೆ ಜೋಡಿಸೋಕೆ ಕೂತ್ರೆ ಅದು ಬಿಸಿಬೇಳೆಬಾತಿಂದ ಬೇಳೆ ಬೇರೆ ಅಕ್ಕಿ ಬೇರೆ ಆರಿಸಿದ ಹಾಗೆ.

ನಾನೂ ಅದೇ ಮಾಡಿದವನು. ಶುರುವಲ್ಲಿ ಒಂದು ಸೆಷನ್ನಿಗೆ 9 ಮೈಕ್ ಇಟ್ಟು, ಅರ್ಧ ದಿನ ಸೌಂಡ್ ಚೆಕ್ ಮಾಡಿ, ಪ್ಲೇಬ್ಯಾಕ್ ಹಾಕಿದ್ರೆ ಡ್ರಮ್ಮರ್ ಕೇಳ್ಬಿಟ್ಟು "ಇದು ನನ್ ಕಿಟ್ಟಾ?" ಅಂದ. ಕೊನೆಗೆ ಮಿಕ್ಸಲ್ಲಿ ಉಳಿದಿದ್ದು ಮೂರೇ ಮೈಕು.

ಅಣ್ಣಾ ನನ್ನತ್ರ ಇರೋದು ಒಂದೇ ಮೈಕು, ಆಗುತ್ತಾ?

ಆಗುತ್ತೆ, ಎಷ್ಟೋ ಹಳೇ ರೆಕಾರ್ಡಲ್ಲಿ ಡ್ರಮ್ಮಿಗೆ ಒಂದೇ ಮೈಕು ಇದ್ದಿದ್ದು. ಎರಡು ಜಾಗ ಟ್ರೈ ಮಾಡಿ. ಒಂದು, ಕಿಟ್ ಮುಂದೆ ಒಂದು ಒಂದೂವರೆ ಮೀಟರ್ ದೂರ, ನಿಮ್ಮ ಎದೆ ಎತ್ತರ, ಸ್ನೇರ್ ಕಡೆ ಮುಖ. ಇಲ್ಲಿ ಕಿಕ್ಕು ಚೆನ್ನಾಗಿ ಬರುತ್ತೆ. ಇನ್ನೊಂದು, ಡ್ರಮ್ಮರ್ ಬಲ ಭುಜದ ಹಿಂದೆ ಸ್ವಲ್ಪ ಮೇಲಿಂದ ಸ್ನೇರನ್ನ ನೋಡೋ ಹಾಗೆ, ಅಂದ್ರೆ ಹೆಚ್ಚುಕಮ್ಮಿ ಅವನ ಕಿವಿಗೆ ಕೇಳೋದೇ ಮೈಕಿಗೂ ಕೇಳುತ್ತೆ.

ಯಾವುದು ಸರಿ ಅಂತ ನನ್ನ ಕೇಳ್ಬೇಡಿ, ಡ್ರಮ್ಮರ್‌ಗೆ ಬಾರಿಸೋಕೆ ಹೇಳಿ ಒಂದು ಕಿವಿ ಮುಚ್ಕೊಂಡು ಕಿಟ್ ಸುತ್ತ ನಿಧಾನ ಓಡಾಡಿ, ಬಗ್ಗಿ, ಏಳಿ. ರೈಡು ಸ್ನೇರು ಕಿಕ್ಕು ಮೂರೂ ಸಮ ಅನ್ನಿಸೋ ಜಾಗದಲ್ಲಿ ನಿಲ್ಲಿ, ಕಿವಿ ಇದ್ದ ಕಡೆ ಮೈಕ್ ಇಡಿ. ನೋಡೋರು ನಗ್ತಾರೆ, ನಗ್ಲಿ ಬಿಡಿ.

ಎರಡು ಇನ್‌ಪುಟ್ ಇಂಟರ್‌ಫೇಸ್ (ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಪೆಟ್ಟಿಗೆ) ಇದೆ. ಸ್ಟೀರಿಯೋ ಓವರ್‌ಹೆಡ್ (ಕಿಟ್ಟಿನ ಮೇಲಿಂದ ಕೇಳೋ ಜೋಡಿ ಮೈಕು) ಇಡ್ಲಾ, ಒಂದು ಮೇಲೆ ಒಂದು ಕಿಕ್ಕಿಗೆ ಇಡ್ಲಾ?

ಸ್ವಿಂಗ್ ನುಡಿಸೋ ಪಿಯಾನೋ ಟ್ರಿಯೋ ಆದ್ರೆ ನಾನು ಒಂದು ಮೇಲೆ, ಒಂದು ಕಿಕ್ಕಿನ ಮುಂದೆ ಇಡ್ತೀನಿ. ಡ್ರಮ್ಸ್ ಮಾನೋ (ಎಡ ಬಲ ಎರಡರಲ್ಲೂ ಒಂದೇ ಸದ್ದು) ಆಗಿದ್ರೆ ಯಾರೂ ದೂರು ಕೊಡಲ್ಲ, ಕಿಕ್ಕು ಕೇಳ್ದೇ ಇದ್ರೆ ಬೇಸಿಸ್ಟ್ ಮೊದಲು ಕೊಡ್ತಾನೆ. ಬರೀ ಸಿಂಬಲ್ ಬಣ್ಣದ ಮೇಲೇ ನಿಂತಿರೋ ನಿಧಾನದ ಸಂಗೀತ ಆದ್ರೆ ಮಾತ್ರ ಎರಡನ್ನೂ ಮೇಲಿಡಿ.

ಯಾವ ಮೈಕ್ ತಗೋಳ್ಲಿ? ಎಸ್‌ಎಂ57 ಎರಡಿದೆ, ಅದೇ ಸಾಲಲ್ವಾ?

ಎಸ್‌ಎಂ57 ಗಟ್ಟಿ ಮೈಕು, ಕೆಳಗೆ ಬಿದ್ರೂ ಕೆಲಸ ಮಾಡುತ್ತೆ, ಆದ್ರೆ ರೈಡಿನ ಮೇಲೆ ಕಡ್ಡಿ ತುದಿ ಬಿದ್ದಾಗ ಬರೋ ಸಣ್ಣ ಟಿಂಗ್ ಇದೆಯಲ್ಲ, ಅದನ್ನ ದೂರದಿಂದ ಹಿಡಿಯೋದು ಅದಕ್ಕೆ ಕಷ್ಟ. ಜೊತೆಗೆ 5-6 ಕಿಲೋಹರ್ಟ್ಸ್ ಹತ್ರ ಒಂದು ಉಬ್ಬು ಇದೆ, ಸ್ನೇರಿಗೆ ಅದು ಚೆಂದ, ಇಡೀ ಕಿಟ್ಟಿಗೆ ಸ್ವಲ್ಪ ಒರಟು. ದುಡ್ಡು ಹಾಕೋದಿದ್ರೆ ಮೊದಲು ಓವರ್‌ಹೆಡ್ಡಿಗೆ ಹಾಕಿ: ಸ್ಮಾಲ್ ಡಯಾಫ್ರಾಮ್ ಕಂಡೆನ್ಸರ್ (ಚಿಕ್ಕ ಪೊರೆಯ, ಸಣ್ಣ ಸದ್ದೂ ಹಿಡಿಯೋ ಮೈಕು) ಜೋಡಿ. ರೋಡ್ ಎನ್‌ಟಿ5, ಶ್ಯೂರ್ ಎಸ್‌ಎಂ81, ಕೈಯಲ್ಲಿ ಜಾಸ್ತಿ ಇದ್ರೆ ನಾಯ್ಮನ್ ಕೆಎಂ184. ಎಕೆಜಿ ಸಿ414 ಬಾಡಿಗೆಗೆ ಸಿಕ್ಕರೆ ಒಂದಿನಕ್ಕೆ ತಂದು ನೋಡಿ, ಪ್ಯಾಟರ್ನ್ (ಯಾವ ಕಡೆಯಿಂದ ಕೇಳಿಸ್ಕೊಳ್ಬೇಕು ಅನ್ನೋದು) ಬದಲಾಯಿಸೋ ಸ್ವಿಚ್ ಇರೋದ್ರಿಂದ ಒಂದೇ ದಿನದಲ್ಲಿ ಬಹಳ ಕಲೀಬಹುದು. ನಿಮ್ಮ ಎಸ್‌ಎಂ57 ಎಲ್ಲೂ ಹೋಗಲ್ಲ, ಸ್ನೇರಿಗೋ ಕಿಕ್ಕಿನ ಮುಂದಕ್ಕೋ ಬರುತ್ತೆ.

"ಡ್ರಮ್ ಮೈಕ್ ಕಿಟ್" ಅಂತ ಏಳು ಮೈಕು ಒಂದೇ ಪೆಟ್ಟಿಗೆಯಲ್ಲಿ ಬರುತ್ತಲ್ಲ, ಜಾಝಿಗೆ ಅದು ಬೇಡ. ಅದೇ ದುಡ್ಡಲ್ಲಿ ಎರಡು ಒಳ್ಳೇ ಮೈಕ್ ತಗೊಳ್ಳಿ.

ಮನೆ ರೂಮಲ್ಲಿ ಮಾಡ್ತಿದೀನಿ, ಟೈಲ್ಸ್ ನೆಲ, ಡಬ್ಬದೊಳಗೆ ಬಾರಿಸಿದ ಹಾಗೆ ಬರ್ತಿದೆ, ಮೈಕ್ ಬದಲಾಯಿಸ್ಲಾ?

ಮೈಕ್ ಬದಲಾಯಿಸಿದ್ರೆ ಅದೇ ಡಬ್ಬ ಇನ್ನೂ ಸ್ಪಷ್ಟವಾಗಿ ಕೇಳುತ್ತೆ ಅಷ್ಟೆ. ನಮ್ಮ ಮನೆಗಳ ತೊಂದರೆ ಹತ್ತಡಿ ಎತ್ತರದ ಆರ್‌ಸಿಸಿ ಚಾವಣಿ. ಮೈಕು ನೆಲದಿಂದ ಆರಡಿ ಮೇಲಿದ್ರೆ ಚಾವಣಿಗೆ ನಾಲ್ಕೇ ಅಡಿ, ಸಿಂಬಲ್ ಸದ್ದು ನೇರ ಬಂದು ತಲುಪಿದ ಕೆಲವೇ ಮಿಲಿಸೆಕೆಂಡಿಗೆ ಅದೇ ಸದ್ದು ಮೇಲೆ ಬಡಿದು ವಾಪಸ್ ಬರುತ್ತೆ, ಎರಡೂ ಬೆರೆತು ಆ ಡಬ್ಬ ಸದ್ದಾಗುತ್ತೆ.

ಮೊದಲು ಕಿಟ್ಟನ್ನ ಮೂಲೆಯಿಂದ ಎಳೀರಿ, ಆದ್ರೆ ರೂಮಿನ ನಟ್ಟನಡುವೆನೂ ಬೇಡ. ಕೆಳಗೆ ದಪ್ಪ ಜಮಖಾನ, ಇದ್ರೆ ಎರಡು ಮಡಿಕೆ. ಚಾವಣಿಗೆ ಮೈಕ್ ಮೇಲಿನ ಭಾಗಕ್ಕಾದ್ರೂ ನಾಲ್ಕಿಂಚಿನ ರಾಕ್‌ವೂಲ್ ಪ್ಯಾನೆಲ್ ತೂಗುಹಾಕಿ. ಗೋಡೆಗೆ ಹತ್ತಿ ಹಾಸಿಗೆ ನಿಲ್ಲಿಸಿದ್ರೂ ನಡೆಯುತ್ತೆ. ಮೊಟ್ಟೆ ಟ್ರೇ ಅಂಟಿಸ್ಬೇಡಿ, ಅದ್ರಿಂದ ಬರೋದು ಜಿರಲೆ ಮಾತ್ರ. ಆಮೇಲೆ ಫ್ಯಾನ್ ಆಫ್. ಬ್ರಶ್ಶಲ್ಲಿ (ಕಡ್ಡಿ ಬದಲು ತಂತಿ ಕುಂಚ) ಒಂದು ಬ್ಯಾಲಡ್, ಅಂದ್ರೆ ನಿಧಾನದ ಹಾಡು, ತೆಗೀವಾಗ, ಟೇಕ್ ಅಂದ್ರೆ ಟೇಕು, ಕೊನೇ ನಾಲ್ಕು ಬಾರ್ ಇದ್ದಾಗ ಪಕ್ಕದ ಮನೆ ಕುಕ್ಕರ್ ಮೂರನೇ ವಿಷಲ್ ಕೂಗ್ತು. ಅದು ಈಗ್ಲೂ ಹಾರ್ಡ್ ಡಿಸ್ಕಲ್ಲಿದೆ, ಸ್ವರ ಮಾತ್ರ ಹೆಚ್ಚುಕಮ್ಮಿ ಶ್ರುತಿಯಲ್ಲೇ ಇತ್ತು.

## ಮೈಕ್ ಕೈಗೆ ಬಂದ ಮೇಲೆ

ಓವರ್‌ಹೆಡ್ ಎಷ್ಟು ಎತ್ತರ ಇಡ್ಬೇಕು? ಎಕ್ಸ್‌ವೈ ಒಳ್ಳೇದಾ, ದೂರ ದೂರ ಇಡೋದು ಒಳ್ಳೇದಾ?

ಸ್ನೇರಿಂದ ಮೇಲೆ ಒಂದು ಮೀಟರ್, ಹೆಚ್ಚಂದ್ರೆ 1.2 ಮೀಟರ್, ಅಲ್ಲಿಂದ ಶುರು ಮಾಡಿ. ರಾಕಲ್ಲಿ ಓವರ್‌ಹೆಡ್ ಅಂದ್ರೆ ಸಿಂಬಲ್ ಮೈಕು, ಹಾಗಾಗಿ ಅದನ್ನ ಸಿಂಬಲ್ ಕಡೆ ತಿರುಗಿಸ್ತಾರೆ. ಇಲ್ಲಿ ಅದು ಇಡೀ ಕಿಟ್ಟಿನ ಮೈಕು, ಮುಖ ಸ್ನೇರು, ಟಾಮ್ (ಕೈಯಲ್ಲಿ ಬಾರಿಸೋ ಮಿಕ್ಕ ಡ್ರಮ್ಮುಗಳು) ಕಡೆ ಇರ್ಬೇಕು, ಸಿಂಬಲ್ ಹೇಗಿದ್ರೂ ಬಂದೇ ಬರುತ್ತೆ. ಒಂದೇ ಒಂದು ಮಾತು ನೆನಪಿಡಿ, ಸಿಂಬಲ್ ಅಂಚಿನ ನೇರಕ್ಕೆ ಮೈಕ್ ಇಡ್ಬೇಡಿ. ಸಿಂಬಲ್ ತೂಗಾಡಿದಾಗೆಲ್ಲ ಅದರ ಅಂಚು ಮೈಕಿನ ಮುಂದೆ ಬರುತ್ತೆ ಹೋಗುತ್ತೆ, ಸದ್ದು ವಾ ವಾ ವಾ ಅಂತ ಅಲೆಯಾಡುತ್ತೆ, ಅದನ್ನ ಯಾವ ಪ್ಲಗಿನ್ನೂ ಸರಿ ಮಾಡಲ್ಲ.

ಎಕ್ಸ್‌ವೈ (ಎರಡು ಮೈಕಿನ ತಲೆ ಒಂದೇ ಕಡೆ ಕೂಡಿಸಿ ಕೋನಕ್ಕೆ ತಿರುಗಿಸೋದು) ಸೇಫು, ಮಾನೋದಲ್ಲೂ ಕೆಡಲ್ಲ, ಆದ್ರೆ ಸ್ವಲ್ಪ ಇಕ್ಕಟ್ಟು. ದೂರ ದೂರ ಇಟ್ಟರೆ ಅಗಲ ಸಿಗುತ್ತೆ, ಸ್ನೇರು ನಡುವಿಂದ ಜಾರುತ್ತೆ. ನನಗೆ ಒಗ್ಗಿರೋದು ಓಆರ್‌ಟಿಎಫ್, ಎರಡು ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋ) ಮೈಕಿನ ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಫ್ರೆಂಚ್ ರೇಡಿಯೋದವರು ಕಂಡ್ಕೊಂಡಿದ್ದು, ಮನುಷ್ಯನ ಎರಡು ಕಿವಿ ಅಂತರಕ್ಕೆ ಹತ್ತಿರ ಇರೋದ್ರಿಂದಲೋ ಏನೋ ಕಿಟ್ ಮುಂದೆ ನಿಂತ ಹಾಗೇ ಕೇಳುತ್ತೆ. ಇದನ್ನ ತಲೆ ಮೇಲೇ ಇಡ್ಬೇಕು ಅಂತಿಲ್ಲ, ಕಿಟ್ಟಿನ ಮುಂದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕೆಳಗೆ ನೋಡೋ ಹಾಗೂ ಇಡಬಹುದು, ಚಾವಣಿ ತಗ್ಗಿದ್ದಾಗ ನಾನು ಹಾಗೇ ಮಾಡೋದು.

ಎಲ್ರೂ ದಾರ ಹಿಡ್ಕೊಂಡು ಸ್ನೇರಿಂದ ಮೈಕಿಗೆ ಅಳೀತಾರಲ್ಲ, ಅದು ಶಾಸ್ತ್ರಕ್ಕಾ, ನಿಜವಾಗ್ಲೂ ಏನಾದ್ರೂ ಆಗುತ್ತಾ?

ಆಗುತ್ತೆ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ. ಒಂದು ಮೈಕು ಸ್ನೇರಿಂದ 100 ಸೆಂಟಿಮೀಟರ್, ಇನ್ನೊಂದು 134 ಇದ್ರೆ ಅದೇ ಏಟು ಎರಡನೇದಕ್ಕೆ ಒಂದು ಮಿಲಿಸೆಕೆಂಡ್ ತಡವಾಗಿ ತಲುಪುತ್ತೆ. ಎರಡನ್ನೂ ಕೂಡಿಸಿದಾಗ 500 ಹರ್ಟ್ಸಲ್ಲಿ ಒಂದರ ಏರು ಇನ್ನೊಂದರ ಇಳಿವಿಗೆ ಸರಿಯಾಗಿ ಬಂದು ಎರಡೂ ಕಿತ್ತಾಡಿ ಸಾಯ್ತವೆ, ಆಮೇಲೆ 1500ರಲ್ಲಿ, 2500ರಲ್ಲಿ, ಹಾಗೇ ಮೇಲಕ್ಕೆ. ಸ್ನೇರಿನ ಹೊಟ್ಟೆಯೇ ಖಾಲಿ ಆದ ಹಾಗೆ ಕೇಳೋದು ಇದಕ್ಕೇ.

ದಾರದ ಒಂದು ತುದಿ ಸ್ನೇರ್ ನಡುವೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದು ತುದಿ ಮೊದಲ ಮೈಕಿಗೆ ಹಿಡಿದು ಗಂಟು ಹಾಕಿ, ಅದೇ ಗಂಟು ಎರಡನೇ ಮೈಕಿಗೂ ತಾಗೋ ಹಾಗೆ ಸ್ಟ್ಯಾಂಡ್ ಸರಿಸಿ. ಮೈಕ್ ಕೇಬಲ್ಲಲ್ಲೇ ಅಳೆದ್ರೂ ಆಯ್ತು. ಇಂಗ್ಲೆಂಡಿನ ರೆಕಾರ್ಡಿಂಗ್ ಇಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನ ಪದ್ಧತಿ ಇದೇ ತತ್ವದ ಮೇಲೆ ನಿಂತಿರೋದು, ಒಂದು ಮೈಕು ಸ್ನೇರ್ ಮೇಲೆ, ಇನ್ನೊಂದು ಫ್ಲೋರ್ ಟಾಮ್ ಪಕ್ಕದಿಂದ, ಎರಡೂ ಸ್ನೇರಿಂದ ಒಂದೇ ದೂರ. ಅವರು ರಾಕ್ ಮಾಡಿದವರು, ಆದ್ರೆ ಜಾಝ್ ಕಿಟ್ಟಿಗೂ ಚೆನ್ನಾಗಿ ಒಪ್ಪುತ್ತೆ. ಅಳೆದು ಮುಗಿದ ಮೇಲೆ ಮಾನೋ ಬಟನ್ ಒತ್ತಿ ಕೇಳಿ, ಸ್ನೇರ್ ಸೊರಗಿದ್ರೆ ಇನ್ನೂ ಕೆಲಸ ಬಾಕಿ ಇದೆ.

ಕಿಕ್ಕಲ್ಲಿ ತೂತೇ ಇಲ್ಲ ಗುರು, ಮೈಕ್ ಎಲ್ಲಿ ತೂರಿಸ್ಲಿ?

ಎಲ್ಲೂ ತೂರಿಸ್ಬೇಡಿ, ತೂತು ಕೊರೀರಿ ಅಂತ ಡ್ರಮ್ಮರ್‌ಗೆ ಹೇಳೋಕಂತೂ ಹೋಗ್ಬೇಡಿ. ಜಾಝ್ ಕಿಕ್ಕು ಸಾಮಾನ್ಯವಾಗಿ 18 ಇಂಚು, ಕೆಲವರದು 20. ಎರಡೂ ಕಡೆ ಪೂರ್ತಿ ಹೆಡ್ಡು (ಡ್ರಮ್ಮಿನ ಬಾಯಿಗೆ ಬಿಗಿದ ಹೊದಿಕೆ), ಒಳಗೆ ದಿಂಬಿಲ್ಲ, ಶ್ರುತಿ ಸ್ವಲ್ಪ ಏರಿಸಿರ್ತಾರೆ. ಡ್ರಮ್ಮರ್ ಟೋನಿ ವಿಲಿಯಮ್ಸ್ ನುಡಿಸಿದ್ದು ಕೇಳಿದ್ರೆ ಗೊತ್ತಾಗುತ್ತೆ, ಅದು ದಪ್ ಅಲ್ಲ, ದೊಡ್ಡ ಟಾಮ್ ತರ ಧೂಂ ಅಂತ ಉಸಿರು ಬಿಡೋ ಸದ್ದು. ಮುಂದಿನ ಹೆಡ್ಡಿಂದ 20-30 ಸೆಂಟಿಮೀಟರ್ ದೂರ, ನಡುವಿಂದ ಸ್ವಲ್ಪ ಪಕ್ಕಕ್ಕೆ ಮೈಕ್ ಇಡಿ. ಮೆಟಲ್ ಬ್ಯಾಂಡಿಗೆ ಮಾಡಿರೋ ಕಿಕ್ ಮೈಕುಗಳು ನಡುವಿನ ಸ್ವರಾನೇ ಕಿತ್ತು ಬಿಸಾಕಿ ಬರೀ ಕ್ಲಿಕ್ಕು ಗುಂಯ್ಯು ಕೊಡ್ತವೆ, ಇಲ್ಲಿ ಬೇಕಾಗಿರೋದು ಅವು ಬಿಸಾಕಿದ ಭಾಗಾನೇ. ಎಲೆಕ್ಟ್ರೋವಾಯ್ಸ್ ಆರ್‌ಇ20, ಸೆನ್‌ಹೈಸರ್ ಎಂಡಿ421, ಇಲ್ಲಾಂದ್ರೆ ಒಂದು ಸಾಧಾರಣ ಲಾರ್ಜ್ ಡಯಾಫ್ರಾಮ್ ಕಂಡೆನ್ಸರ್ ಸ್ವಲ್ಪ ಹಿಂದೆ ಇಟ್ಟರೂ ಚೆಂದ. ಆಮೇಲೆ ಓವರ್‌ಹೆಡ್ ಜೊತೆ ಕೂಡಿಸಿ ಕಿಕ್ ಚಾನೆಲ್ಲಿನ ಪೋಲಾರಿಟಿ ಬಟನ್ (ಅಲೆಯ ಏರು ಇಳಿವನ್ನ ಅದಲುಬದಲು ಮಾಡೋದು) ಒಮ್ಮೆ ಒತ್ತಿ ಒಮ್ಮೆ ಬಿಡಿ. ಯಾವುದರಲ್ಲಿ ತಳ ತುಂಬುತ್ತೋ ಅದು.

ಬ್ರಶ್ಶಲ್ಲಿ ನುಡಿಸಿದ್ರೆ ರೇಡಿಯೋ ಸ್ಟೇಷನ್ ಸಿಗದೇ ಇದ್ದಾಗ ಬರೋ ಸದ್ದು ಥರ ಬರುತ್ತೆ, ಏನ್ಮಾಡ್ಲಿ?

ಮೊದಲು ಸ್ನೇರ್ ಹೆಡ್ ಮುಟ್ಟಿ ನೋಡಿ. ನುಣ್ಣಗಿದ್ರೆ ಮೈಕಿನ ತಪ್ಪಲ್ಲ, ಬ್ರಶ್ಶಿಗೆ ಕೋಟೆಡ್ ಹೆಡ್ಡೇ ಬೇಕು, ಆ ತರಿತರಿ ಮೇಲೆ ತಂತಿ ಉಜ್ಜಿದಾಗ ತಾನೇ ಸದ್ದು. ಹೆಡ್ ಸವೆದು ಬೋಳಾಗಿದ್ರೂ ಅಷ್ಟೆ.

ಹೆಡ್ ಸರಿ ಇದ್ರೆ ಡ್ರಮ್ಮರ್ ಎಡಗೈ ನೋಡಿ. ಅದು ಗುಂಡಗೆ ಸುತ್ತುತ್ತೆ, ಪ್ರತಿ ಸುತ್ತಲ್ಲೂ ಒಂದು ಕಡೆ ಒತ್ತು ಬೀಳುತ್ತೆ, ಆ ಒತ್ತೇ ತಾಳ. ಒತ್ತು ಬೀಳೋ ಕಡೆಗೆ ರಿಮ್ಮಿಂದ ಒಂದು ಗೇಣು ದೂರ, ಹೆಡ್ಡಿಗಿಂತ ಸ್ವಲ್ಪ ಎತ್ತರ, ಒಂದು ಸ್ಮಾಲ್ ಡಯಾಫ್ರಾಮ್ ಕಂಡೆನ್ಸರ್ ಇಡಿ. ಎರಡಿಂಚಿಗೆ ಹತ್ತಿರ ಒಯ್ದರೆ ಉಜ್ಜಾಟ ಒಂದೇ ಜಾಗದ್ದು ಬರುತ್ತೆ, ಕೈ ಆಚೆ ಹೋದಾಗ ಮಾಯ, ಈಚೆ ಬಂದಾಗ ಭರ್ ಅನ್ನುತ್ತೆ. ಇನ್ನೊಂದು, ಬ್ರಶ್ ಹಾಡಿಗೆ ಗೇನ್ (ಮೈಕಿನ ಸದ್ದನ್ನ ಎಷ್ಟು ಹಿಗ್ಗಿಸೋದು ಅನ್ನೋದು) ಬೇರೆ ಸೆಟ್ ಮಾಡಿ, ಕಡ್ಡಿಯಲ್ಲಿ ಬಾರಿಸೋ ಹಾಡಿಗೆ ಇಟ್ಟಿದ್ದೇ ಇರ್ಲಿ ಅಂತ ಬಿಡ್ಬೇಡಿ. ಆದ್ರೆ ಕೊನೇ ಕೋರಸ್ಸಿಗೆ ಕಡ್ಡಿ ಎತ್ತಿಕೊಳ್ತೀಯಾ ಅಂತ ಮೊದಲೇ ಕೇಳಿಟ್ಕೊಳ್ಳಿ, ನಾನು ಕೇಳಿರ್ಲಿಲ್ಲ, ಆವತ್ತಿನ ಕ್ಲಿಪ್ಪಿಂಗ್ (ಮಿತಿ ಮೀರಿ ಸದ್ದು ಒಡೆದಿದ್ದು) ಈಗಲೂ ಕಣ್ಮುಂದೆ ಕೆಂಪಗೆ ಉರಿಯುತ್ತೆ.

ಹೈಹ್ಯಾಟಿಗೆ ಬೇರೆ ಮೈಕ್ ಬೇಕಾ?

ಬೇಡ. ಎಲ್ಲಾ ಮೈಕಲ್ಲೂ ಅದು ಬೇಡ ಅಂದ್ರೂ ಬರುತ್ತೆ.

ರಿಬ್ಬನ್ ಮೈಕ್ ಸ್ನೇಹಿತನ ಹತ್ರ ಇದೆ, ಫ್ಯಾಂಟಮ್ ಕೊಟ್ರೆ ಸುಟ್ಟೋಗುತ್ತೆ ಅಂತಾರೆ, ತರ್ಲಾ ಬೇಡ್ವಾ?

ತನ್ನಿ. ಕರ್ಕಶ ಸಿಂಬಲ್ಲಿಗೆ ರಿಬ್ಬನ್ನಿಗಿಂತ (ತೆಳು ಅಲ್ಯೂಮಿನಿಯಂ ಪಟ್ಟಿಯಲ್ಲಿ ಸದ್ದು ಹಿಡಿಯೋ ಮೈಕು) ಒಳ್ಳೇ ಮದ್ದಿಲ್ಲ, ಮೇಲಿನ ಸ್ವರಗಳನ್ನ ಅದು ಮೆತ್ತಗೆ ಇಳಿಸುತ್ತೆ. 1950ರ ದಶಕದಲ್ಲಿ ಬಿಬಿಸಿಯವರು ರೂಪಿಸಿದ ಕೋಲ್ಸ್ 4038 ಇವತ್ತಿಗೂ ಜಾಝ್ ಓವರ್‌ಹೆಡ್ ಅಂದ್ರೆ ನೆನಪಾಗೋ ಹೆಸರು. ಮಾಮೂಲಿ ಪ್ಯಾಸಿವ್ ರಿಬ್ಬನ್ನಿಗೆ 48 ವೋಲ್ಟ್ ಫ್ಯಾಂಟಮ್ (ಕೇಬಲ್ಲಲ್ಲೇ ಮೈಕಿಗೆ ಕಳಿಸೋ ಕರೆಂಟು) ಬೇಕಾಗಿಲ್ಲ. ಕೇಬಲ್ ಸರಿ ಇದ್ರೆ ಅಕಸ್ಮಾತ್ ಆನ್ ಆದ್ರೂ ಸಾಮಾನ್ಯವಾಗಿ ಏನಾಗಲ್ಲ, ಆದ್ರೆ ಒಳಗೆ ವೈರ್ ಕೂಡಿಕೊಂಡಿರೋ ಕೇಬಲ್ ಸಿಕ್ತು ಅಂದ್ರೆ ಆ ಅಲ್ಯೂಮಿನಿಯಂ ಪಟ್ಟಿ ಎಳೆದುಕೊಂಡು ಹೋಗುತ್ತೆ. ಆಫ್ ಮಾಡಿ, ಒಂದು ನಿಮಿಷ ಕಾದು, ಆಮೇಲೆ ಚುಚ್ಚಿ. ಊದಿ ಟೆಸ್ಟ್ ಮಾಡ್ಬೇಡಿ, ಅದೂ ಅಷ್ಟೇ ಕೆಟ್ಟದ್ದು. ಗೇನು 60 ಡೆಸಿಬೆಲ್ ಹತ್ರ ಬೇಕಾಗಬಹುದು, ಅಗ್ಗದ ಇಂಟರ್‌ಫೇಸ್ ಅಲ್ಲಿಗೆ ಹೋಗೋವಷ್ಟರಲ್ಲಿ ಸ್ಸ್ ಅನ್ನೋಕೆ ಶುರು ಮಾಡುತ್ತೆ.

ಮತ್ತೆ ಇವು ಹೆಚ್ಚಿನವು ಫಿಗರ್ ಎಯ್ಟ್, ಹಿಂದಿನಿಂದಲೂ ಮುಂದಿನಷ್ಟೇ ಕೇಳಿಸ್ಕೊಳ್ತವೆ. ತಗ್ಗು ಚಾವಣಿ ಕೆಳಗೆ ಇಟ್ಟರೆ ಬೆನ್ನು ಪೂರ್ತಿ ಕಾಂಕ್ರೀಟನ್ನೇ ಕೇಳ್ತಾ ಇರುತ್ತೆ.

## ಸ್ವಲ್ಪ ಆಳಕ್ಕೆ ಇಳಿದವರು ಕೇಳೋದು

ಪಿಯಾನೋ, ಬೇಸು, ಸ್ಯಾಕ್ಸು ಎಲ್ಲಾ ಒಂದೇ ರೂಮಲ್ಲಿ. ಡ್ರಮ್ಸ್ ಎಲ್ಲಾ ಮೈಕಿಗೂ ನುಗ್ಗುತ್ತೆ, ಬೇರೆ ಬೇರೆ ರೂಮಿಗೆ ಹಾಕ್ಬಿಡ್ಲಾ?

ಹಾಕಿದ್ರೆ ಸದ್ದು ಬೇರೆ ಆಗುತ್ತೆ, ಜನಾನೂ ಬೇರೆ ಆಗ್ತಾರೆ. ಒಬ್ಬರ ಮುಖ ಒಬ್ಬರು ನೋಡಿ ನುಡಿಸೋ ಸಂಗೀತ ಇದು. 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಜಿಮ್ಮಿ ಕಾಬ್ ಡ್ರಮ್ಸ್ ನುಡಿಸಿದ ಸೆಷನ್ನುಗಳು ನಡೆದಿದ್ದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ, ಹಳೇ ಚರ್ಚು ಅದು, ದೊಡ್ಡ ಎತ್ತರದ ಹಾಲು, ಟೇಪಲ್ಲಿ ಇದ್ದಿದ್ದು ಮೂರೇ ಟ್ರ್ಯಾಕು. ನುಗ್ಗೋ ಸದ್ದು ಅಲ್ಲಿ ಶತ್ರು ಆಗಿರ್ಲಿಲ್ಲ.

ಹೀಗೆ ಪರೀಕ್ಷೆ ಮಾಡಿ: ಡ್ರಮ್ ಮೈಕೆಲ್ಲ ಮ್ಯೂಟ್ ಮಾಡಿ ಪಿಯಾನೋ ಮೈಕಲ್ಲಿ ಡ್ರಮ್ಸ್ ಹೇಗೆ ಕೇಳುತ್ತೆ ನೋಡಿ. ಪಕ್ಕದ ರೂಮಲ್ಲಿ ಯಾರೋ ಚೆನ್ನಾಗಿ ಬಾರಿಸ್ತಿದಾರೆ ಅನ್ನಿಸಿದ್ರೆ ಬಿಟ್ಬಿಡಿ, ಕಂಬಳಿಯೊಳಗೆ ಬಾರಿಸ್ತಿದಾರೆ ಅನ್ನಿಸಿದ್ರೆ ಪಿಯಾನೋ ಮೈಕನ್ನ ತಿರುಗಿಸಿ ಇಲ್ಲಾ ಬದಲಾಯಿಸಿ. ಅಗ್ಗದ ಕಾರ್ಡಿಯಾಯ್ಡುಗಳು ಪಕ್ಕದಿಂದ ಬಂದ ಸದ್ದನ್ನ ಹಾಗೇ ಮಬ್ಬು ಮಾಡೋದು. ಫಿಗರ್ ಎಯ್ಟ್ ಇದ್ರೆ ಅದರ ಪಕ್ಕೆಯನ್ನ ಡ್ರಮ್ಸ್ ಕಡೆ ಮಾಡಿ, ಪಕ್ಕೆಗೆ ಕಿವಿ ಇಲ್ಲ. ಪ್ರತಿ ವಾದ್ಯಕ್ಕೆ ಅದರ ಮೈಕು ಎಷ್ಟು ದೂರವೋ ಅದರ ಮೂರು ಪಟ್ಟು ದೂರ ಮುಂದಿನ ಮೈಕು ಇರ್ಲಿ ಅನ್ನೋ ಹಳೇ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತೆ. ಬೇಸಿಗೆ ಮಾತ್ರ ನಡುವೆ ಎದೆ ಎತ್ತರದ ಒಂದು ಅಡ್ಡಪರದೆ ಕೊಡಿ, ಕಣ್ಣು ಕಾಣೋ ಹಾಗೆ.

ಹಳೇ ಬ್ಲೂ ನೋಟ್ ರೆಕಾರ್ಡ್ ಸೌಂಡ್ ಬೇಕು ಅಂದ್ರೆ ಯಾವ ಮೈಕ್? ಇಸಿಎಂ ಸೌಂಡ್ ಬೇಕು ಅಂದ್ರೆ?

ಬ್ಲೂ ನೋಟ್ ಅನ್ನೋ ಅಮೆರಿಕದ ಜಾಝ್ ರೆಕಾರ್ಡ್ ಕಂಪನಿಗೆ ರೆಕಾರ್ಡ್ ಮಾಡ್ತಿದ್ದ ಇಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಕಣ್ಣು ಪರೀಕ್ಷೆ ಮಾಡೋ ಕಸುಬಿನವರು, ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕಲ್ಲಿ ಅಪ್ಪ ಅಮ್ಮನ ಮನೆ ಹಾಲಲ್ಲೇ ರೆಕಾರ್ಡ್ ಮಾಡ್ತಿದ್ರು, 1959ರಲ್ಲಿ ಇಂಗಲ್‌ವುಡ್ ಕ್ಲಿಫ್ಸಿಗೆ ಹೋದ್ರು. ನಾಯ್ಮನ್ ಯು47 ಅಮೆರಿಕದಲ್ಲಿ ಬಳಸಿದ ಮೊದಲಿಗರಲ್ಲಿ ಒಬ್ಬರು. ಮೈಕ್ ಮುಟ್ಟೋಕೆ ಕೈಗವಸು ಹಾಕ್ತಿದ್ರು, ಎಲ್ಲಿ ಹೇಗೆ ಇಟ್ಟೆ ಅಂತ ಬಾಯಿ ಬಿಡ್ತಿರ್ಲಿಲ್ಲ. ಹಾಗಾಗಿ "ವ್ಯಾನ್ ಗೆಲ್ಡರ್ ಸೆಟಪ್ ಇದೇ" ಅಂತ ಚಿತ್ರ ಬಿಡಿಸಿ ತೋರಿಸೋರನ್ನ ಪೂರ್ತಿ ನಂಬ್ಬೇಡಿ. ಕಿವಿಗೆ ಕೇಳೋದು ಇಷ್ಟು: ಡ್ರಮ್ಸ್ ಹತ್ತಿರ, ಇಕ್ಕಟ್ಟು, ರೈಡ್ ಮುಖಕ್ಕೇ ಬರುತ್ತೆ. ಒಂದು ದೊಡ್ಡ ಡಯಾಫ್ರಾಮ್ ಮೈಕು, ಹತ್ತಿರ, ಮಾನೋ, ಅಲ್ಲಿಂದ ಹುಡುಕ್ತಾ ಹೋಗಿ.

ಇಸಿಎಂ ಅನ್ನೋ ರೆಕಾರ್ಡ್ ಕಂಪನಿಯದು ಬೇರೆ ಲೋಕ. ಮ್ಯಾನ್‌ಫ್ರೆಡ್ ಐಶರ್ 1969ರಲ್ಲಿ ಮ್ಯೂನಿಕಲ್ಲಿ ಶುರು ಮಾಡಿದ್ದು, ಓಸ್ಲೋದಲ್ಲಿ ಯಾನ್ ಎರಿಕ್ ಕಾಂಗ್ಸ್‌ಹೌಗ್ ರೆಕಾರ್ಡ್ ಮಾಡಿದವುಗಳಲ್ಲಿ ಡ್ರಮ್ಮರ್ ಯಾನ್ ಕ್ರಿಸ್ಟೆನ್‌ಸೆನ್ ಸಿಂಬಲ್ಲುಗಳು ಎಡದಿಂದ ಬಲಕ್ಕೆ ಚದುರಿ ಹೊಳೀತವೆ, ಸುತ್ತ ಉದ್ದನೆಯ ರಿವರ್ಬು. ಅದಕ್ಕೆ ಅಗಲದ ಜೋಡಿ ಬೇಕು, ನಿಶ್ಶಬ್ದ ರೂಮ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕಡಿಮೆ ಬಾರಿಸೋ ಡ್ರಮ್ಮರ್ ಬೇಕು.

ಕಛೇರಿಯಲ್ಲಿ ಮೃದಂಗಕ್ಕೆ ಮೈಕ್ ಇಟ್ಟು ಅಭ್ಯಾಸ ಇದೆ. ಆ ಅನುಭವ ಇಲ್ಲಿ ಬರುತ್ತಾ?

ಅರ್ಧ ಬರುತ್ತೆ. ಕಛೇರಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಹತ್ತಿರ ಇಡೋದು ಫೀಡ್‌ಬ್ಯಾಕ್ ಭಯಕ್ಕೆ. ಸ್ಪೀಕರ್ ಇಲ್ಲದ ರೂಮಲ್ಲಿ ಮೃದಂಗಾನ ಒಂದು ಮೀಟರ್ ಮುಂದಿಂದ ಒಂದೇ ಜೋಡಿಯಲ್ಲಿ ಹಿಡಿದು ನೋಡಿ, ಎರಡು ಕಡೆ ಸೇರಿ ಒಂದೇ ವಾದ್ಯ ಆಗೋದು ಅಲ್ಲೇ. ಡ್ರಮ್ ಕಿಟ್ಟಿನದೂ ಅದೇ ಕಥೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೋ ಜೊತೆ ಮಾಡಿದ ರೆಕಾರ್ಡು 1983ರದ್ದು, ಇಸಿಎಂದೇ. ಒಮ್ಮೆ ಕೇಳಿ, ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಕಂಠದ ಸುತ್ತ ಎಷ್ಟು ಗಾಳಿ ಇದೆ ನೋಡಿ. ನಮ್ಮ ತಾಳವಾದ್ಯಕ್ಕೆ ಅಷ್ಟು ಜಾಗ ಬಿಟ್ಟು ರೆಕಾರ್ಡ್ ಮಾಡೋದು ಇಲ್ಲಿ ನಮಗೇ ಅಭ್ಯಾಸ ತಪ್ಪೋಗಿದೆ ಅನ್ನೋದು ನನ್ನ ಒಂದು ಹಳೇ ಗೊಣಗಾಟ.

ಮಿಕ್ಸಲ್ಲಿ ಗೇಟು, ಕಂಪ್ರೆಸರ್, ಲೋ ಕಟ್ ಎಷ್ಟೆಷ್ಟು ಹಾಕ್ತೀರಾ?

ಗೇಟು (ಮೆತ್ತನೆ ಸದ್ದನ್ನ ಮುಚ್ಚಿಹಾಕೋ ಸಾಧನ) ಇಲ್ಲ. ಗೇಟ್ ಹಾಕಿದ್ರೆ ಮೊದಲು ಸಾಯೋದು ಎಡಗೈಯ ಗೋಸ್ಟ್ ನೋಟ್ಸು (ಬಲು ಮೆತ್ತನೆಯ ಏಟುಗಳು), ಡ್ರಮ್ಮರ್ ವರ್ಷಗಟ್ಲೆ ಕಲ್ತಿದ್ದು ಅದನ್ನೇ. ಓವರ್‌ಹೆಡ್ಡಿಗೆ 300 ಹರ್ಟ್ಸಲ್ಲಿ ಲೋ ಕಟ್ (ಅದರ ಕೆಳಗಿನ ಸದ್ದು ಕತ್ತರಿಸೋದು) ಹಾಕೋ ರಾಕ್ ಅಭ್ಯಾಸ ಬಿಡಿ, ಕಿಟ್ಟಿನ ಮೈಯೆಲ್ಲ ಆ 300ರ ಕೆಳಗೇ ಇರೋದು, 40-50ರ ಕೆಳಗಿನ ಗಡಗಡ ಮಾತ್ರ ತೆಗೀರಿ. ಕಂಪ್ರೆಸರ್ (ಜೋರು ಸದ್ದನ್ನ ತಾನೇ ಇಳಿಸೋ ಸಾಧನ) ಹಾಕಲೇಬೇಕು ಅನ್ನಿಸಿದ್ರೆ 2ಕ್ಕೆ 1, ಸೂಜಿ ಒಂದೆರಡು ಡೆಸಿಬೆಲ್ ಅಲ್ಲಾಡಿದ್ರೆ ಸಾಕು. ಜಾಸ್ತಿ ಒತ್ತಿದ್ರೆ ಪ್ರತಿ ಸ್ನೇರ್ ಏಟಿಗೂ ರೈಡು ತಲೆ ತಗ್ಗಿಸಿ ಮತ್ತೆ ಎದ್ದು ಬರುತ್ತೆ, ಸ್ವಿಂಗ್ ಕುಂಟುತ್ತೆ. ರೆಕಾರ್ಡ್ ಮಾಡುವಾಗ 24 ಬಿಟ್ಟಲ್ಲಿ ಅತಿ ಜೋರಿನ ಏಟು ಮೀಟರಲ್ಲಿ ಮೈನಸ್ 12 ಡೆಸಿಬೆಲ್ಲಿನ ಆಸುಪಾಸಲ್ಲಿ ಇರ್ಲಿ. ಚೆಕ್ಕಿನಲ್ಲಿ ಬಾರಿಸಿದ್ದಕ್ಕಿಂತ ಟೇಕಲ್ಲಿ ಜೋರಾಗೇ ಬಾರಿಸ್ತಾರೆ, ಎಲ್ರೂನೂ.

ಎಲ್ಲಾ ನೀವು ಹೇಳ್ದಂಗೇ ಮಾಡ್ದೆ, ಆದ್ರೂ ರೈಡು ಜೋರು ಜೋರು. ಎಲ್ಲಿ ತಪ್ಪು?

ಹಾಗಿದ್ರೆ ಮೈಕ್ ಬಿಡಿ, ಸಿಂಬಲ್ ನೋಡಿ. ದಪ್ಪ ಭಾರದ ರಾಕ್ ರೈಡ್ ಆಗಿದ್ರೆ ಯಾರು ಎಲ್ಲಿ ಮೈಕ್ ಇಟ್ಟರೂ ಚುಚ್ಚುತ್ತೆ, 20-22 ಇಂಚಿನ ತೆಳು ರೈಡ್ ಯಾರತ್ರನಾದ್ರೂ ಒಂದಿನಕ್ಕೆ ತನ್ನಿ. ಸಣ್ಣ ತುದಿಯ ಹಗುರ ಕಡ್ಡಿ ಕೊಟ್ಟು ನೋಡಿ. ಕೊನೆಗೆ ಡ್ರಮ್ಮರ್ ಹೆಡ್‌ಫೋನ್ ನೋಡಿ. ನನ್ನ ಅನುಭವದಲ್ಲಿ ಹತ್ತಕ್ಕೆ ಆರು ಸಲ ತಪ್ಪು ಅಲ್ಲೇ ಇತ್ತು: ಅವನಿಗೆ ಬೇಸ್ ಜೋರಾಗಿ ಕೊಟ್ಟಿರ್ತೀವಿ, ಅವನ ರೈಡು ಅವನಿಗೇ ಕೇಳಲ್ಲ, ಪಾಪ ಇನ್ನೂ ಜೋರಾಗಿ ಬಾರಿಸ್ತಾನೆ. ಬೇಸ್ ಇಳಿಸಿ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸೋಕೆ ಹೇಳಿ, ಎರಡನೇ ಟೇಕಿಗೆ ಗೊತ್ತಾಗುತ್ತೆ.